ಯುವರಾಜ ರುಡಾಲ್ಫ್: ಬಾಲ್ಯದ ಕಾಟವೋ, ಕಾಯುವ ಕಾಟವೋ?

ಪ್ರಶ್ನೆ: ಆಸ್ಟ್ರಿಯಾದ ರಾಣಿ ಸಿಸಿಯ ಬಗ್ಗೆ ಒಂದು ಧಾರಾವಾಹಿ ನೋಡಿದೆ. ಅವಳ ಪುಟ್ಟ ಮಗ ರುಡಾಲ್ಫನನ್ನು ಬೆಳಗಿನ ಜಾವ ಹಿಮದಲ್ಲಿ ನಿಲ್ಲಿಸಿ ಕವಾಯತು ಮಾಡಿಸುತ್ತಾರೆ, ಪಿಸ್ತೂಲು ಹಾರಿಸಿ ನಿದ್ದೆಯಿಂದ ಎಬ್ಬಿಸುತ್ತಾರೆ. ಇದೆಲ್ಲ ನಿಜವಾ? ಹತ್ತೊಂಬತ್ತನೇ ಶತಮಾನದ ಯುರೋಪಿನ ಯುವರಾಜರೆಲ್ಲ ಹೀಗೇ ಬೆಳೆದರಾ? ಅವನು ಮೂವತ್ತಕ್ಕೇ ಸಾಯಲು ಈ ಬಾಲ್ಯವೇ ಕಾರಣವಾ? ಅವನು ಬದುಕಿದ್ದರೆ ಮೊದಲ ಮಹಾಯುದ್ಧ ಆಗುತ್ತಿರಲಿಲ್ಲ ಅಂತ ಒಬ್ಬರು ಹೇಳಿದರು. ಅದು ಎಷ್ಟು ಸರಿ?

ಉತ್ತರ: ಧಾರಾವಾಹಿಯವರು ಇದನ್ನು ಸುಮ್ನೆ ಕಟ್ಟಿಲ್ಲ. ಅಂಥದ್ದು ನಡೆದಿತ್ತು. ಆದರೆ ನಡೆದದ್ದು ಸುಮಾರು ಒಂದು ವರ್ಷ. ತೆರೆಯ ಮೇಲೆ ತೋರಿಸಲು ಸುಲಭ ಅಂತ ಆ ಒಂದು ವರ್ಷವೇ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದಾದ ಮೇಲೆ ಆ ಹುಡುಗನಿಗೆ ಸಿಕ್ಕ ಓದು ಆಗಿನ ಯುರೋಪಿನ ಬೇರೆ ಯುವರಾಜರಿಗೆ ಸಿಗದಂಥದ್ದು. ಹತ್ತೊಂಬತ್ತು ತುಂಬುವ ಹೊತ್ತಿಗೆ ಓದು ಮುಗಿಯಿತು. ಆಮೇಲೆ ಮಾಡಲು ಕೆಲಸವೇ ಇರಲಿಲ್ಲ. ಹನ್ನೊಂದು ವರ್ಷಕ್ಕೂ ಜಾಸ್ತಿ ಹಾಗೇ ಕಳೆಯಿತು. ಅವನ ಬದುಕು ಹಾಳಾದದ್ದು ಆ ವರ್ಷಗಳಲ್ಲಿ ಅನ್ನೋದು ನನ್ನ ಅಭಿಪ್ರಾಯ.

ಹುಟ್ಟಿನಿಂದಲೇ ಶುರು ಮಾಡೋಣ. ರುಡಾಲ್ಫ್ ಹುಟ್ಟಿದ್ದು 1858ರ ಆಗಸ್ಟ್ 21ರಂದು, ವಿಯೆನ್ನಾ ಪಕ್ಕದ ಲಾಕ್ಸೆನ್‌ಬರ್ಗ್ ಅರಮನೆಯಲ್ಲಿ. ಅಪ್ಪ ಚಕ್ರವರ್ತಿ ಫ್ರಾಂಜ್ ಜೋಸೆಫ್. ತಾಯಿ ಎಲಿಜಬೆತ್, ಮನೆಯವರ ಬಾಯಲ್ಲಿ ಸಿಸಿ. ವಿಯೆನ್ನಾದಲ್ಲಿ 101 ಕುಶಾಲತೋಪು ಹಾರಿಸಿದರು. ಹೆಣ್ಣುಮಗು ಆಗಿದ್ದರೆ 21ಕ್ಕೇ ಮುಗಿಯುತ್ತಿತ್ತು. ಹಾಗಾಗಿ ಇಪ್ಪತ್ತೆರಡನೇ ಗುಂಡು ಕೇಳಿದ ಕೂಡಲೇ ಊರಿಗೆಲ್ಲ ಸುದ್ದಿ ಗೊತ್ತಾಗುತ್ತಿತ್ತು. ಅಪ್ಪ ತೊಟ್ಟಿಲಲ್ಲಿ ‘ಚಿನ್ನದ ಉಣ್ಣೆ’ ಎಂಬ ಪದಕವನ್ನಿಟ್ಟ. ಆಸ್ಟ್ರಿಯಾ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದಲ್ಲಿ ಅದಕ್ಕಿಂತ ದೊಡ್ಡ ಗೌರವ ಇರಲಿಲ್ಲ. ಹತ್ತೊಂಬತ್ತನೇ ಕಾಲಾಳು ರೆಜಿಮೆಂಟನ್ನೂ ಮಗುವಿನ ಹೆಸರಿಗೆ ಬರೆದ. ಹಾಲು ಕುಡಿಯುವ ಕೂಸು ಆಗಲೇ ಕರ್ನಲ್!

ಇದು ಬರೀ ಆಡಂಬರ ಆಗಿರಲಿಲ್ಲ. ಫ್ರಾಂಜ್ ಜೋಸೆಫ್‌ಗೆ ಸೈನ್ಯವೇ ಪ್ರಪಂಚ. 1848ರಲ್ಲಿ ಯುರೋಪಿನ ತುಂಬ ದಂಗೆ ಎದ್ದಾಗ ಹದಿನೆಂಟರ ಹುಡುಗನಾಗಿ ಪಟ್ಟ ಏರಿದವನು. ಅವನ ಸಿಂಹಾಸನ ಉಳಿಸಿದ್ದು ಸೈನ್ಯ. ಅವನು ಬೆಳೆದದ್ದೂ ಗಡಿಯಾರದ ಮುಳ್ಳಿನ ಪ್ರಕಾರ. ಜೀವನವಿಡೀ ನಸುಕಿನಲ್ಲೇ ಎದ್ದು ಕಡತಗಳ ಮುಂದೆ ಕೂರುತ್ತಿದ್ದ. ತನಗೆ ಒಗ್ಗಿದ ಬಾಲ್ಯ ಮಗನಿಗೂ ಒಗ್ಗುತ್ತದೆ ಅಂತ ಅವನು ನಂಬಿದ್ದರೆ ಆಶ್ಚರ್ಯವೇನಿಲ್ಲ.

ತಾಯಿಯ ಕಥೆ ಬೇರೆ. ಸಿಸಿ ಮದುವೆಯಾಗಿ ಬಂದಾಗ ಹದಿನಾರು ವರ್ಷ. ಮಕ್ಕಳ ಜವಾಬ್ದಾರಿಯನ್ನು ಅತ್ತೆ ಸೋಫಿ ಮೊದಲಿಂದಲೂ ತನ್ನ ಕೈಯಲ್ಲಿಟ್ಟುಕೊಂಡಿದ್ದಳು. ಅತ್ತೆ-ಸೊಸೆ ಜಗಳ ಅಂತ ನಗಬೇಡಿ, ಇಲ್ಲಿ ಒಂದು ಸಾವೂ ಇದೆ. 1857ರಲ್ಲಿ ಸಿಸಿ ಹಟ ಹಿಡಿದು ಇಬ್ಬರು ಹೆಣ್ಣುಮಕ್ಕಳನ್ನೂ ಹಂಗೇರಿ ಪ್ರವಾಸಕ್ಕೆ ಕರೆದುಕೊಂಡು ಹೋದಳು. ಎರಡು ವರ್ಷದ ದೊಡ್ಡ ಮಗಳು ಅಲ್ಲೇ ಕಾಯಿಲೆ ಬಿದ್ದು ತೀರಿಕೊಂಡಿತು. ಅಲ್ಲಿಗೆ ಸಿಸಿಯ ಬಾಯಿ ಕಟ್ಟಿಹೋಯಿತು. ಮುಂದಿನ ವರ್ಷ ರುಡಾಲ್ಫ್ ಹುಟ್ಟಿದಾಗ ಮಗು ಅಜ್ಜಿಯ ಕಡೆಗೇ ಹೋಯಿತು. 1860ರ ಕೊನೆಗೆ ಸಿಸಿ ಆರೋಗ್ಯದ ಕಾರಣಕ್ಕೆ ಮದೀರಾ ದ್ವೀಪಕ್ಕೆ ಹೊರಟಳು, ಆಮೇಲೆ ಕೋರ್ಫುವಿನಲ್ಲಿದ್ದಳು. ಮಗನ ಎರಡನೇ ವರ್ಷದಿಂದ ನಾಲ್ಕನೇ ವರ್ಷದವರೆಗೆ ತಾಯಿ ಜೊತೆಗಿದ್ದದ್ದು ತೀರಾ ಕಡಿಮೆ.

ಹಾಗಂತ ಮಗು ಅನಾಥವಾಗಿತ್ತು ಅಂದುಕೊಳ್ಳಬೇಡಿ. ನೋಡಿಕೊಳ್ಳಲು ವೆಲ್ಡೆನ್ ಎಂಬ ಹಿರಿಯ ಮಹಿಳೆ ಇದ್ದಳು. ಮಕ್ಕಳು ಅವಳನ್ನು ‘ವೋವೋ’ ಅಂತ ಕರೆಯುತ್ತಿದ್ದರು. ಎರಡು ವರ್ಷ ದೊಡ್ಡವಳಾದ ಅಕ್ಕ ಗಿಸೆಲಾ ಇದ್ದಳು. ಇಬ್ಬರಿಗೂ ಒಂದೇ ಕೋಣೆ, ಒಂದೇ ಆಟ. ರುಡಾಲ್ಫ್ ಸಣಕಲು ಹುಡುಗ. ಬೇಗ ಹೆದರುತ್ತಿದ್ದ, ಬೇಗ ಅಳುತ್ತಿದ್ದ. ಜೊತೆಗೆ ವಯಸ್ಸಿಗೆ ಮೀರಿದ ಚುರುಕು.

ಹ್ಯಾಬ್ಸ್‌ಬರ್ಗ್ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಗಂಡುಮಗು ಆರು ವರ್ಷಕ್ಕೆ ಹೆಂಗಸರ ಕೈಯಿಂದ ಗಂಡಸರ ಕೈಗೆ ಹೋಗಬೇಕು. 1864ರಲ್ಲಿ ಅದೇ ಆಯಿತು. ವೋವೋ ಹೋದಳು. ಅಕ್ಕನನ್ನು ಬೇರೆ ಮಾಡಿದರು. ಹುಡುಗನಿಗೆ ತನ್ನದೇ ಕೋಣೆಗಳು, ತನ್ನದೇ ಸಿಬ್ಬಂದಿ. ಮೇಲ್ವಿಚಾರಕನಾಗಿ ಬಂದವನು ಮೇಜರ್ ಜನರಲ್ ಲಿಯೊಪೋಲ್ಡ್ ಗೊಂಡ್ರಕೂರ್. ಹುಡುಗ ಸೂಕ್ಷ್ಮ, ಅವನನ್ನು ಗಟ್ಟಿ ಮಾಡಿ ಅನ್ನೋದು ಅಪ್ಪನ ಅಪ್ಪಣೆ. ಗೊಂಡ್ರಕೂರ್ ಅದನ್ನು ಚಾಚೂ ತಪ್ಪದೆ ಪಾಲಿಸಿದ.

ನೀವು ಧಾರಾವಾಹಿಯಲ್ಲಿ ನೋಡಿದ್ದು ಈ ಭಾಗ. ತಣ್ಣೀರಿನ ಉಪಚಾರ, ಬೆಳಕು ಹರಿಯುವ ಮೊದಲೇ ಮಳೆಯಲ್ಲಿ, ಹಿಮದಲ್ಲಿ ಕವಾಯತು, ಸುಸ್ತಾಗಿ ಬೀಳುವವರೆಗೆ ವ್ಯಾಯಾಮ. ಧೈರ್ಯ ಬರಲಿ ಅಂತ ಮಲಗಿದ್ದ ಮಗುವಿನ ಹತ್ತಿರ ಪಿಸ್ತೂಲು ಹಾರಿಸುತ್ತಿದ್ದರು ಅನ್ನೋದು ಇತಿಹಾಸದ ಪುಸ್ತಕಗಳಲ್ಲಿ ಪದೇ ಪದೇ ಬರುವ ಮಾತು. ಇನ್ನೊಂದು ಘಟನೆಯನ್ನು ಸ್ವತಃ ಸಿಸಿಯೇ ಮುಂದೆ ತನ್ನ ಆಪ್ತರಿಗೆ ಹೇಳಿದ್ದಾಳೆ. ವಿಯೆನ್ನಾದ ಹೊರಗೆ ಲೈನ್ಸ್ ಎಂಬಲ್ಲಿ ರಾಜಮನೆತನದ ಬೇಟೆಯ ಕಾಡು ಇದೆ. ಹುಡುಗನನ್ನು ಅದರ ಗೇಟಿನ ಒಳಗೆ ಬಿಟ್ಟು, ಗೊಂಡ್ರಕೂರ್ ಹೊರಗೆ ನಿಂತು ‘ಕಾಡುಹಂದಿ ಬಂತು!’ ಅಂತ ಕೂಗಿದನಂತೆ. ಮಗು ಕಿರುಚಿತು. ಕಿರುಚಿದಷ್ಟೂ ಅವನು ಜೋರಾಗಿ ಕೂಗಿದ. ತಾಯಿಯ ಬಾಯಿಂದ ಬಂದ ಮಾತು, ಸ್ವಲ್ಪ ಉಪ್ಪು-ಖಾರ ಬೆರೆತಿರಬಹುದು. ಆದರೆ ಹುಡುಗ ಆ ವರ್ಷ ಪದೇ ಪದೇ ಕಾಯಿಲೆ ಬಿದ್ದದ್ದು, ಹೆದರಿಕೆಯಿಂದ ನಡುಗುತ್ತಿದ್ದದ್ದು ಖಚಿತ.

1865ರ ಆಗಸ್ಟಿನಲ್ಲಿ ಸಿಸಿ ಎದ್ದು ನಿಂತಳು. ಇಶ್ಲ್ ಎಂಬ ಊರಿನಲ್ಲಿದ್ದಾಗ ಗಂಡನಿಗೆ ಒಂದು ಪತ್ರ ಬರೆದಳು. ಪತ್ರ ಅನ್ನೋದಕ್ಕಿಂತ ಕೊನೆಯ ಎಚ್ಚರಿಕೆ ಅನ್ನಬೇಕು. ಮಕ್ಕಳ ವಿಷಯದಲ್ಲಿ ಪೂರ್ತಿ ಅಧಿಕಾರ ತನಗೇ ಬೇಕು. ಅವರ ಸುತ್ತ ಯಾರಿರಬೇಕು, ಅವರು ಎಲ್ಲಿರಬೇಕು, ಹೇಗೆ ಓದಬೇಕು, ಎಲ್ಲ ತಾನೇ ತೀರ್ಮಾನಿಸಬೇಕು. ತಾನೆಲ್ಲಿರಬೇಕು ಅನ್ನೋದನ್ನೂ ತಾನೇ ನಿರ್ಧರಿಸುತ್ತೇನೆ ಅಂತ ಕೊನೆಗೆ ಸೇರಿಸಿದ್ದಳು. ಗಂಡ ಒಪ್ಪಿದ. ಗೊಂಡ್ರಕೂರ್ ಹೊರಬಿದ್ದ.

ಆ ಪತ್ರವನ್ನು ತಾಯಿಯ ಪ್ರೀತಿಯ ದೊಡ್ಡ ಗೆಲುವು ಅಂತ ತೋರಿಸುವವರು ಜಾಸ್ತಿ. ಗೆಲುವು ಹೌದು. ಆದರೆ ಮಗನಿಗಾಗಿ ಅವಳು ಅಷ್ಟು ಗಟ್ಟಿಯಾಗಿ ಹೋರಾಡಿದ್ದು ಅದೊಂದೇ ಸಲ. ಆಮೇಲೆ ಅವಳ ಮನಸ್ಸು ಹಂಗೇರಿಯ ಕಡೆ, ಕುದುರೆಗಳ ಕಡೆ, ಪ್ರವಾಸದ ಕಡೆ ಹೋಯಿತು. 1868ರಲ್ಲಿ ಹುಟ್ಟಿದ ಕೊನೆಯ ಮಗಳು ಮೇರಿ ವ್ಯಾಲೆರಿಯ ಮೇಲಂತೂ ಎಲ್ಲಿಲ್ಲದ ಪ್ರೀತಿ. ಮಗ ತಾಯಿಯನ್ನು ದೂರದಿಂದ ಆರಾಧಿಸುತ್ತ ಬೆಳೆದ.

ಗೊಂಡ್ರಕೂರ್ ಜಾಗಕ್ಕೆ ಬಂದವನು ಕರ್ನಲ್ ಜೋಸೆಫ್ ಲಾಟೂರ್. ಈತನೂ ಸೈನಿಕನೇ, ಆದರೆ ಸ್ವಭಾವ ಪೂರ್ತಿ ಬೇರೆ. ಹುಡುಗನ ಜೊತೆ ಮಾತಾಡುತ್ತಿದ್ದ, ಅವನ ಪ್ರಶ್ನೆಗೆ ಉತ್ತರ ಹೇಳುತ್ತಿದ್ದ. ಹನ್ನೆರಡು ವರ್ಷ ಜೊತೆಗಿದ್ದ. ಅವನು ಆರಿಸಿದ ಮೇಷ್ಟ್ರುಗಳ ಪಟ್ಟಿ ನೋಡಿದರೆ ಇವರನ್ನೆಲ್ಲ ಅರಮನೆಯೊಳಗೆ ಬಿಟ್ಟುಕೊಂಡದ್ದಾದರೂ ಹೇಗೆ ಅನ್ನಿಸುತ್ತದೆ. ಒಟ್ಟು ಐವತ್ತರ ಹತ್ತಿರ ಶಿಕ್ಷಕರು. ದೊಡ್ಡ ಮನೆತನದವರು ಕಡಿಮೆ, ಓದಿ ಮೇಲೆ ಬಂದ ಸಾಮಾನ್ಯ ಮನೆಯವರು ಜಾಸ್ತಿ. ವಂಶ ನೋಡದೆ ವಿದ್ಯೆ ನೋಡಿ ಆರಿಸಿದ್ದ.

ಕೆಲವರ ಬಗ್ಗೆ ಹೇಳಲೇಬೇಕು. ನಿಸರ್ಗ ವಿಜ್ಞಾನ ಕಲಿಸಿದವನು ಭೂವಿಜ್ಞಾನಿ ಹೋಕ್‌ಸ್ಟೆಟರ್. ಆಸ್ಟ್ರಿಯಾದ ‘ನೊವಾರಾ’ ಹಡಗಿನಲ್ಲಿ ಲೋಕ ಸುತ್ತಲು ಹೊರಟು, ನ್ಯೂಜಿಲೆಂಡಿನ ನೆಲದ ಪದರಗಳನ್ನು ಅಳೆದು ಬಂದವನು. ಅದೇ ಹಡಗು 1858ರಲ್ಲಿ ಮದ್ರಾಸಿಗೂ ಬಂದಿತ್ತು. ಬೊಹೀಮಿಯಾದ ಇತಿಹಾಸಕ್ಕೆ ಪ್ರಾಗ್‌ನ ವಿದ್ವಾಂಸ ಗಿಂಡೆಲಿ. ಹಂಗೇರಿಯ ಇತಿಹಾಸಕ್ಕೆ ಹಯಸಿಂತ್ ರೋನಾಯ್ ಎಂಬ ಪಾದ್ರಿ. ಈ ರೋನಾಯ್ 1848-49ರಲ್ಲಿ ಹಂಗೇರಿಯ ದಂಗೆಯ ಕಡೆ ನಿಂತವನು. ದಂಗೆ ಸೋತ ಮೇಲೆ ಓಡಿಹೋಗಿ ಲಂಡನ್ನಿನಲ್ಲಿ ವರ್ಷಗಟ್ಟಲೆ ಇದ್ದವನು. ಡಾರ್ವಿನ್ನನ ವಿಚಾರವನ್ನು ಹಂಗೇರಿಯನ್ ಭಾಷೆಯಲ್ಲಿ ಬರೆದು ಪರಿಚಯಿಸಿದವನು. ಆ ದಂಗೆಯನ್ನು ರಷ್ಯಾದ ಸೈನ್ಯ ಕರೆಸಿ ತುಳಿದದ್ದು ಯಾರು? ಹುಡುಗನ ಅಪ್ಪ. ಈಗ ಅದೇ ದಂಗೆಕೋರ ಅದೇ ಅಪ್ಪನ ಮಗನಿಗೆ ಪಾಠ ಹೇಳುತ್ತಿದ್ದ!

ಭಾಷೆಗಳ ಹೊರೆಯೂ ಸಣ್ಣದಲ್ಲ. ಜರ್ಮನ್ ಮನೆಮಾತು. ಅದರ ಮೇಲೆ ಹಂಗೇರಿಯನ್, ಚೆಕ್, ಪೋಲಿಷ್, ಫ್ರೆಂಚ್, ಲ್ಯಾಟಿನ್. ಆ ಸಾಮ್ರಾಜ್ಯದಲ್ಲಿ ಇಷ್ಟೊಂದು ಜನಾಂಗಗಳು ಒಟ್ಟಿಗಿದ್ದವು, ಆಳುವವನು ಅವರವರ ಮಾತಿನಲ್ಲಿ ಎರಡು ಮಾತಾದರೂ ಆಡಬೇಕು. ಹುಡುಗನಿಗೆ ಇದು ಭಾರ ಅನ್ನಿಸಲಿಲ್ಲ. ಅವನ ನಿಜವಾದ ಹುಚ್ಚು ಹಕ್ಕಿಗಳು. ಹದ್ದು, ರಣಹದ್ದುಗಳ ಹಿಂದೆ ಕಾಡು ಅಲೆಯುತ್ತಿದ್ದ, ಕಂಡದ್ದನ್ನೆಲ್ಲ ಬರೆದಿಡುತ್ತಿದ್ದ. ಹೊಡೆಯುತ್ತಲೂ ಇದ್ದ, ಆಗಿನ ಪಕ್ಷಿಶಾಸ್ತ್ರಕ್ಕೆ ಬಂದೂಕು ಬೇಕೇಬೇಕಿತ್ತು. ಪ್ರಾಣಿಶಾಸ್ತ್ರಜ್ಞ ಆಲ್ಫ್ರೆಡ್ ಬ್ರೆಮ್ ಅವನ ಗೆಳೆಯನಾದ. 1878ರಲ್ಲಿ ಇಬ್ಬರೂ ಡ್ಯಾನ್ಯೂಬ್ ನದಿಯಗುಂಟ ಹದಿನೈದು ದಿನ ಸುತ್ತಿದರು, ರುಡಾಲ್ಫ್ ಅದರ ಬಗ್ಗೆ ಪುಸ್ತಕ ಬರೆದ. ಬ್ರೆಮ್‌ನ ಪ್ರಾಣಿ ಜೀವನದ ದೊಡ್ಡ ಗ್ರಂಥಮಾಲೆಗೂ ಅವನ ಟಿಪ್ಪಣಿಗಳು ಸೇರಿವೆ. ರಾಜಕುಮಾರ ಅಂತ ಮುಲಾಜಿಗೆ ಸೇರಿಸಿದ್ದಲ್ಲ, ಅವನ ಕಣ್ಣು ನಿಜಕ್ಕೂ ಚುರುಕು.

ಇನ್ನು ಅರ್ಥಶಾಸ್ತ್ರ. 1876ರಲ್ಲಿ ಪಾಠಕ್ಕೆ ಬಂದವನು ಕಾರ್ಲ್ ಮೆಂಗರ್. ಅರ್ಥಶಾಸ್ತ್ರ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ, ಆಸ್ಟ್ರಿಯನ್ ಪಂಥ ಅಂತ ಕರೆಯುವ ಚಿಂತನೆಗೆ ಮೂಲಪುರುಷ ಅವನೇ. ಅವನ ಪಾಠದ ಕ್ರಮ ನನಗೆ ತುಂಬ ಇಷ್ಟ. ಪಾಠ ಕೇಳುವಾಗ ಹುಡುಗ ಏನೂ ಬರೆದುಕೊಳ್ಳುವಂತಿಲ್ಲ. ಆಮೇಲೆ ಒಬ್ಬನೇ ಕೂತು ಕೇಳಿದ್ದನ್ನೆಲ್ಲ ನೆನಪಿನಿಂದ ಬರೆಯಬೇಕು. ಮೆಂಗರ್ ಅದನ್ನು ಓದಿ ತಿದ್ದುತ್ತಿದ್ದ. ಆ ನೋಟ್‌ಬುಕ್ಕುಗಳು ಉಳಿದಿವೆ, ಅಚ್ಚೂ ಆಗಿವೆ. ಹದಿನೇಳರ ಹುಡುಗನ ನೆನಪಿನ ಶಕ್ತಿ ನೋಡಿ ಬೆರಗಾಗುತ್ತದೆ. ಒಳಗಿರುವ ವಿಚಾರ ಬಹುಮಟ್ಟಿಗೆ ಆಡಮ್ ಸ್ಮಿತ್‌ನದು. ಜನ ತಮ್ಮ ದುಡಿಮೆಯಿಂದ ಮೇಲೆ ಬರಬೇಕು, ಸರ್ಕಾರ ಎಲ್ಲದಕ್ಕೂ ಕೈ ಹಾಕಬಾರದು. ಅಪ್ಪನ ಆಡಳಿತ ನಡೆಯುತ್ತಿದ್ದದ್ದು ಇದಕ್ಕೆ ಸರೀ ಉಲ್ಟಾ.

ಇದರ ಫಲ ಏನಾಯಿತು? ಹದಿಹರೆಯದಲ್ಲೇ ರುಡಾಲ್ಫ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಮಾತು ಬರೆದ. ರಾಜಪ್ರಭುತ್ವ ಈಗ ಒಂದು ದೊಡ್ಡ ಪಾಳು ಕಟ್ಟಡ, ಇವತ್ತೋ ನಾಳೆಯೋ ನಿಂತಿರಬಹುದು, ಕೊನೆಗೆ ಬೀಳಲೇಬೇಕು ಅನ್ನೋದು ಅದರ ಸಾರ. ಆ ಕಟ್ಟಡಕ್ಕೆ ಮುಂದಿನ ಯಜಮಾನ ತಾನೇ ಅಂತ ಗೊತ್ತಿದ್ದವನು ಬರೆದದ್ದು ಇದು.

ಬೇರೆ ಯುವರಾಜರೂ ಹೀಗೇ ಬೆಳೆದರಾ ಅಂತ ಕೇಳಿದಿರಿ. ಇಬ್ಬರ ಬಗ್ಗೆ ಹೇಳುತ್ತೇನೆ, ಇಬ್ಬರೂ ರುಡಾಲ್ಫ್‌ಗೆ ಪರಿಚಿತರೇ.

ಒಬ್ಬ, ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮಗ ಬರ್ಟಿ, ಮುಂದೆ ಏಳನೇ ಎಡ್ವರ್ಡ್ ಆದವನು. 1841ರಲ್ಲಿ ಹುಟ್ಟಿದ. ಅವನ ಅಪ್ಪ ಆಲ್ಬರ್ಟ್ ಮತ್ತು ಸಲಹೆಗಾರ ಬ್ಯಾರನ್ ಸ್ಟಾಕ್ಮರ್ ಸೇರಿ ಮಗು ಆಡುವ ವಯಸ್ಸಿನಲ್ಲೇ ಅದರ ಓದಿನ ಯೋಜನೆ ತಯಾರಿಸಿದ್ದರು. ವಾರಕ್ಕೆ ಆರು ದಿನ ಪಾಠ, ಜೊತೆಯ ಹುಡುಗರ ಸಹವಾಸ ಅಷ್ಟಕ್ಕಷ್ಟೇ. ಹುಡುಗನಿಗೆ ಓದು ತಲೆಗೆ ಹತ್ತಲಿಲ್ಲ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ತಲೆಬುರುಡೆಯ ಆಕಾರ ನೋಡಿ ಬುದ್ಧಿ ಹೇಳುವ ಪಂಡಿತನೊಬ್ಬನನ್ನು ಕರೆಸಿ ಮಗನ ತಲೆಯನ್ನು ಪರೀಕ್ಷೆ ಮಾಡಿಸಿದರು. ನಗು ಬರುತ್ತದೆ, ಆದರೆ ಆಗ ಅದನ್ನು ವಿಜ್ಞಾನ ಅಂತಲೇ ನಂಬಿದ್ದರು. ಇಲ್ಲಿ ಹೊಡೆತಕ್ಕಿಂತ ಜಾಸ್ತಿ ಇದ್ದದ್ದು ‘ನೀನು ಸಾಲದು’ ಎಂಬ ಮಾತು. 1861ರಲ್ಲಿ ಆಲ್ಬರ್ಟ್ ತೀರಿಕೊಂಡಾಗ, ಮಗನ ಒಂದು ಪ್ರೇಮಪ್ರಕರಣದ ಚಿಂತೆಯೇ ಗಂಡನನ್ನು ಕೊಂದಿತು ಅಂತ ವಿಕ್ಟೋರಿಯಾ ನಂಬಿದಳು. ವರ್ಷಗಟ್ಟಲೆ ಅವನನ್ನು ರಾಜ್ಯದ ಕೆಲಸದಿಂದ ದೂರ ಇಟ್ಟಳು. 1901ರಲ್ಲಿ ಪಟ್ಟ ಸಿಕ್ಕಾಗ ಅವನಿಗೆ 59 ವರ್ಷ.

ಇನ್ನೊಬ್ಬ, ಪ್ರಷ್ಯಾದ ವಿಲ್ಹೆಲ್ಮ್, ಮುಂದೆ ಜರ್ಮನಿಯ ಕೈಸರ್, ಅಂದರೆ ಚಕ್ರವರ್ತಿ. ರುಡಾಲ್ಫ್‌ಗಿಂತ ಐದು ತಿಂಗಳು ಚಿಕ್ಕವನು. ಹೆರಿಗೆ ಕಷ್ಟವಾಗಿ ಎಡಗೈಯ ನರಕ್ಕೆ ಪೆಟ್ಟಾಯಿತು, ಆ ಕೈ ಸರಿಯಾಗಿ ಬೆಳೆಯಲೇ ಇಲ್ಲ. ಅದಕ್ಕೆ ಮಾಡಿದ ಚಿಕಿತ್ಸೆ ಕೇಳಿದರೆ ಗೊಂಡ್ರಕೂರ್ ಪರವಾಗಿಲ್ಲ ಅನ್ನಿಸುತ್ತದೆ. ಆಗಷ್ಟೇ ಕೊಂದ ಮೊಲದ ಬಿಸಿ ದೇಹದೊಳಗೆ ಕೂಸಿನ ಕೈ ಇಡುತ್ತಿದ್ದರು, ವಿದ್ಯುತ್ ಕೊಡುತ್ತಿದ್ದರು. 1866ರಿಂದ ಹಿಂಟ್ಸ್‌ಪೀಟರ್ ಎಂಬ ಕಟ್ಟುನಿಟ್ಟಿನ ಶಿಕ್ಷಕ. ಒಂದು ಕೈಯ ಹುಡುಗನಿಗೆ ಕುದುರೆಯ ಮೇಲೆ ತೂಕ ನಿಲ್ಲುತ್ತಿರಲಿಲ್ಲ. ಬಿದ್ದರೆ ಮತ್ತೆ ಹತ್ತಿಸುತ್ತಿದ್ದರು, ಅತ್ತರೂ ಬಿಡುತ್ತಿರಲಿಲ್ಲ, ವಾರಗಟ್ಟಲೆ ಹೀಗೇ. ಕೊನೆಗೆ ಸವಾರಿ ಕಲಿತ. ಆಮೇಲೆ ಅವನನ್ನು ಕಾಸೆಲ್ ಊರಿನ ಸಾಮಾನ್ಯ ಶಾಲೆಗೇ ಕಳಿಸಿದರು, ಪೇಟೆಯವರ ಮಕ್ಕಳ ಜೊತೆ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆದ. ಅವನ ಕಾಲದಲ್ಲಿ ಅದು ದೊಡ್ಡ ವಿಷಯ.

ಹಾಗಾಗಿ ‘ಎಲ್ಲರೂ ಹೀಗೇ ಬೆಳೆದರಾ’ ಅಂದರೆ, ವಿವರ ಬೇರೆ ಬೇರೆ. ಮೂರು ಅರಮನೆಗಳಲ್ಲೂ ದೊಡ್ಡವರ ತಲೆಯಲ್ಲಿದ್ದದ್ದು ಮಾತ್ರ ಒಂದೇ: ಮಗುವನ್ನು ಪಟ್ಟಕ್ಕೆ ತಕ್ಕ ಅಚ್ಚಿಗೆ ಒತ್ತಬೇಕು. ಒಂದು ವ್ಯತ್ಯಾಸ ನೋಡಿ. ಅತಿ ಹೆಚ್ಚು ಹಿಂಸೆ ತಿಂದ ವಿಲ್ಹೆಲ್ಮ್ 1888ರಲ್ಲಿ, ಇಪ್ಪತ್ತೊಂಬತ್ತಕ್ಕೇ ಕೈಸರ್ ಆದ. ಬರ್ಟಿ ಕಾಯುತ್ತಾ ಕೂತ, ಆದರೆ ಅವನಿಗೆ ಊಟ, ಕುದುರೆ, ಇಸ್ಪೀಟು, ಗೆಳೆಯರ ಗುಂಪು, ಇವುಗಳಲ್ಲಿ ಖುಷಿಯಿಂದ ಇರುವ ಸ್ವಭಾವ ಇತ್ತು. 1875-76ರಲ್ಲಿ ಭಾರತಕ್ಕೂ ಬಂದು ಹುಲಿ ಬೇಟೆಯಾಡಿ ಹೋದ. ರುಡಾಲ್ಫ್‌ಗೆ ಅಧಿಕಾರವೂ ಇಲ್ಲ, ಆ ಸ್ವಭಾವವೂ ಇಲ್ಲ. ತಲೆ ತುಂಬ ವಿಚಾರಗಳು, ಹೇಳಲು ಜಾಗವಿಲ್ಲ.

1877ರ ಜುಲೈಯಲ್ಲಿ ಅವನು ಪ್ರಾಪ್ತ ವಯಸ್ಕ ಅಂತ ಘೋಷಿಸಿದರು. ಲಾಟೂರ್ ಕೆಲಸ ಮುಗಿಯಿತು. ಹೊಸ ಮೇಲ್ವಿಚಾರಕನಾಗಿ ಬಂದ ಕೌಂಟ್ ಬೋಂಬೆಲ್ ಮೋಜಿನ ಮನುಷ್ಯ, ಓದು-ಚರ್ಚೆಯ ಗೋಜಿಗೆ ಹೋಗುವವನಲ್ಲ. ಆ ಚಳಿಗಾಲದಲ್ಲಿ ರುಡಾಲ್ಫ್ ಇಂಗ್ಲೆಂಡ್ ನೋಡಲು ಹೋದ, ಜೊತೆಗೆ ಮೆಂಗರ್. ಪ್ರವಾಸದ ಹೊತ್ತಿನಲ್ಲೇ ಗುರು-ಶಿಷ್ಯರು ಸೇರಿ ಒಂದು ಕಿರುಪುಸ್ತಕ ಬರೆದರು. 1878ರಲ್ಲಿ ಮ್ಯೂನಿಕ್‌ನಲ್ಲಿ ಲೇಖಕರ ಹೆಸರಿಲ್ಲದೆ ಅಚ್ಚಾಯಿತು. ಆಸ್ಟ್ರಿಯಾದ ದೊಡ್ಡ ಮನೆತನದವರು ಬೇಟೆಯಲ್ಲಿ, ನೃತ್ಯಕೂಟಗಳಲ್ಲಿ ಕಾಲ ಕಳೆಯುತ್ತಾರೆ, ದೇಶದ ಕೆಲಸ ಮಾಡುವುದಿಲ್ಲ ಅಂತ ಅದರಲ್ಲಿ ತರಾಟೆಗೆ ತೆಗೆದುಕೊಂಡಿದ್ದರು. ಬರೆದವನು ಯುವರಾಜ ಅಂತ ಆ ಮನೆತನದವರಿಗೆ ತಿಳಿದಿದ್ದರೆ ಏನಾಗುತ್ತಿತ್ತೋ!

ವಿಶ್ವವಿದ್ಯಾಲಯಕ್ಕೆ ಸೇರುವ ಆಸೆ ಅವನಿಗಿತ್ತು. ಚಕ್ರವರ್ತಿಯ ಮಗ ಅಲ್ಲಿಗೆ ಹೋಗುವುದು ಆಗದ ಮಾತು. ಸೈನ್ಯಕ್ಕೆ ಕಳಿಸಿದರು. ಪ್ರಾಗ್‌ನಲ್ಲಿ 36ನೇ ಕಾಲಾಳು ರೆಜಿಮೆಂಟ್. ಅಲ್ಲಿನ ವರ್ಷಗಳು ಅವನಿಗೆ ಹಿಡಿಸಿದವು, ಅಧಿಕಾರಿಗಳಲ್ಲಿ ಸಾಮಾನ್ಯ ಮನೆಯವರೂ ಇದ್ದರು. 1883ರಲ್ಲಿ ವಿಯೆನ್ನಾಗೆ ವಾಪಸ್. 1888ರಲ್ಲಿ ಕಾಲಾಳುಗಳ ಇನ್ಸ್‌ಪೆಕ್ಟರ್ ಜನರಲ್ ಎಂಬ ಹುದ್ದೆಯನ್ನು ಅವನಿಗಾಗಿಯೇ ಹುಟ್ಟುಹಾಕಿದರು. ಕೇಳಲು ದೊಡ್ಡದು, ಒಳಗೆ ಏನೂ ಇಲ್ಲ. ಸೈನ್ಯದ ನಿಜವಾದ ಹಿಡಿತ ಅಪ್ಪನಿಗೆ ಚಿಕ್ಕಪ್ಪನ ವರಸೆಯಾಗುವ ಆಲ್ಬ್ರೆಕ್ಟ್ ಕೈಯಲ್ಲಿ. ಆ ಮುದುಕನಿಗೆ ಈ ಹುಡುಗನ ವಿಚಾರಗಳೆಂದರೆ ಆಗದು. ರಾಜಕೀಯದಲ್ಲಿ ಪ್ರಧಾನಿ ಟಾಫೆ, ಅಪ್ಪನ ಬಾಲ್ಯದ ಗೆಳೆಯ. ಪಾದ್ರಿಗಳು, ಜಮೀನುದಾರರು ಅವನ ಕಡೆ. ಮಗನನ್ನು ಯಾವ ತೀರ್ಮಾನಕ್ಕೂ ಯಾರೂ ಕೇಳುತ್ತಿರಲಿಲ್ಲ.

ಆಗ ಅವನು ಕಂಡುಕೊಂಡ ದಾರಿ ಪತ್ರಿಕೆ. ಮೊರಿಟ್ಸ್ ಸೆಪ್ಸ್ ಎಂಬ ಯಹೂದಿ ಸಂಪಾದಕನ ಸ್ನೇಹ ಬೆಳೆಯಿತು. ಅವನ ‘ನೋಯೆಸ್ ವೀನರ್ ಟಾಗ್‌ಬ್ಲಾಟ್’ ವಿಯೆನ್ನಾದ ಉದಾರವಾದಿಗಳ ಪತ್ರಿಕೆ. ಯುವರಾಜ ಸುದ್ದಿ ಕೊಡುತ್ತಿದ್ದ, ಹೆಸರಿಲ್ಲದೆ ಲೇಖನ ಬರೆಯುತ್ತಿದ್ದ. ಕಾಗದಗಳು ಅಂಚೆಯಲ್ಲಿ ಹೋಗುತ್ತಿರಲಿಲ್ಲ, ನಂಬಿಕಸ್ತರ ಕೈಯಲ್ಲಿ ಹೋಗುತ್ತಿದ್ದವು. ಯಾಕಂದ್ರೆ ತನ್ನ ಪತ್ರಗಳನ್ನು ಒಡೆದು ಓದುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಪೊಲೀಸರು ಹಿಂದೆ ಬಿದ್ದಿದ್ದು ಸುಳ್ಳಲ್ಲ. ಟಾಫೆ ಸರ್ಕಾರ ಆ ಪತ್ರಿಕೆಯನ್ನು ಹೊಗೆಸೊಪ್ಪಿನ ಅಂಗಡಿಗಳಲ್ಲಿ ಮಾರದಂತೆ ಮಾಡಿತು. ವಿಯೆನ್ನಾದವರು ಪೇಪರ್ ಕೊಳ್ಳುತ್ತಿದ್ದದ್ದು ಅಲ್ಲೇ. ಅಂದರೆ ಸರ್ಕಾರ ಕತ್ತು ಹಿಸುಕುತ್ತಿದ್ದ ಪತ್ರಿಕೆಗೆ ಆ ದೇಶದ ಯುವರಾಜನೇ ಗುಟ್ಟಾಗಿ ಬರೆಯುತ್ತಿದ್ದ. ಅಪ್ಪ-ಮಗ ಒಂದೇ ಮೇಜಿನಲ್ಲಿ ಊಟ ಮಾಡುತ್ತ ಬೇಟೆಯ ಮಾತು ಆಡುತ್ತಿದ್ದರು.

ಅವನಿಗೆ ಬಹಿರಂಗವಾಗಿ ಮಾಡಲು ಬಿಟ್ಟ ಒಂದು ಕೆಲಸ ಇವತ್ತಿಗೂ ಉಳಿದಿದೆ. ಸಾಮ್ರಾಜ್ಯದ ಎಲ್ಲ ನಾಡುಗಳ ನೆಲ, ಜನ, ಹಾಡು, ಮನೆ, ಉಡುಪು, ಕಸುಬು, ಎಲ್ಲವನ್ನೂ ಬರಹ ಮತ್ತು ಚಿತ್ರಗಳಲ್ಲಿ ಹಿಡಿದಿಡುವ ಗ್ರಂಥಮಾಲೆ. ಜನ ಅದನ್ನು ‘ಯುವರಾಜನ ಗ್ರಂಥ’ ಅಂತಲೇ ಕರೆಯುತ್ತಾರೆ. 1885ರ ಕೊನೆಗೆ ಕಂತುಗಳಲ್ಲಿ ಬರತೊಡಗಿತು, 1902ರಲ್ಲಿ ಮುಗಿಯಿತು, ಜರ್ಮನ್ ಆವೃತ್ತಿ 24 ಸಂಪುಟ. ಹಂಗೇರಿಯನ್ ಆವೃತ್ತಿ ಬೇರೆಯೇ ಇತ್ತು. ಒಬ್ಬರನ್ನೊಬ್ಬರು ದ್ವೇಷಿಸುವ ಜನಾಂಗಗಳಿಗೆ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ತಿಳಿದರೆ ದ್ವೇಷ ಕಡಿಮೆಯಾಗುತ್ತದೆ ಅಂತ ಅವನು ನಂಬಿದ್ದ. ಸ್ವಲ್ಪ ಮುಗ್ಧ ನಂಬಿಕೆಯೇ. ಆದರೆ ಆ ಸಂಪುಟಗಳನ್ನು ಜನಪದ ಅಧ್ಯಯನ ಮಾಡುವವರು ಈಗಲೂ ತಿರುವಿ ಹಾಕುತ್ತಾರೆ. ಅಪ್ಪ ಇಂಥ ಕೆಲಸ ಇನ್ನಷ್ಟು ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಮದುವೆಯ ವಿಷಯ ಬೇಗ ಮುಗಿಸುತ್ತೇನೆ. ಕ್ಯಾಥೊಲಿಕ್ ರಾಜಮನೆತನದ ಹುಡುಗಿಯೇ ಆಗಬೇಕು, ಆಯ್ಕೆ ಕಡಿಮೆ. ಬೆಲ್ಜಿಯಂ ರಾಜನ ಮಗಳು ಸ್ಟೆಫನಿ ಸಿಕ್ಕಳು. 1881ರ ಮೇ 10ರಂದು ವಿಯೆನ್ನಾದಲ್ಲಿ ಮದುವೆ. ಅವಳಿಗೆ ಇನ್ನೂ ಹದಿನೇಳು ತುಂಬಿರಲಿಲ್ಲ. 1883ರಲ್ಲಿ ಎಲಿಜಬೆತ್ ಎಂಬ ಮಗಳು ಹುಟ್ಟಿದಳು. ಗಂಡಸರೆಲ್ಲ ತೀರಿದರೆ ಮಾತ್ರ ಹೆಣ್ಣಿಗೆ ಪಟ್ಟ, ಹಾಗಾಗಿ ಗಂಡುಮಗು ಬೇಕಿತ್ತು. 1886ರ ಹೊತ್ತಿಗೆ ರುಡಾಲ್ಫ್ ಕಾಯಿಲೆ ಬಿದ್ದ. ಹೊರಗೆ ಬೇರೆ ಹೆಸರು ಹೇಳಿದರೂ ಅದು ಲೈಂಗಿಕ ರೋಗ, ಬಹುಪಾಲು ಗನೋರಿಯಾ. ಅದು ಹೆಂಡತಿಗೂ ತಗುಲಿ ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಏನಾಗಿದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಇದು ಅವನು ಮಾಡಿದ ಅನ್ಯಾಯ. ಅವನ ಬಗ್ಗೆ ಎಷ್ಟೇ ಕನಿಕರ ಇದ್ದರೂ ಇದನ್ನು ಮರೆಮಾಚಬಾರದು. ಆಮೇಲಿನ ವರ್ಷಗಳಲ್ಲಿ ನೋವಿಗೆ ಮಾರ್ಫಿನ್, ರಾತ್ರಿಗಳಿಗೆ ಮದ್ಯ.

1888 ಅವನ ಪಾಲಿಗೆ ಕೆಟ್ಟ ವರ್ಷ. ಬರ್ಲಿನ್ನಿನಲ್ಲಿ ಉದಾರವಾದಿ ಕೈಸರ್ ಮೂರನೇ ಫ್ರೆಡ್ರಿಕ್ ಪಟ್ಟಕ್ಕೆ ಬಂದ 99 ದಿನಕ್ಕೇ ಗಂಟಲು ಕ್ಯಾನ್ಸರಿನಿಂದ ತೀರಿಕೊಂಡ. ಆ ಜಾಗಕ್ಕೆ ಬಂದವನು ವಿಲ್ಹೆಲ್ಮ್. ರುಡಾಲ್ಫ್‌ಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಜರ್ಮನಿಯ ಸ್ನೇಹ ಬಿಟ್ಟು ಫ್ರಾನ್ಸಿನ ಕಡೆ ನೋಡಿ ಅಂತ ಅಪ್ಪನಿಗೇ ಬರೆದ ಬಹಿರಂಗ ಪತ್ರವೊಂದು ಆ ವರ್ಷ ಪ್ಯಾರಿಸಿನಲ್ಲಿ ಬೇರೆ ಹೆಸರಿನಲ್ಲಿ ಅಚ್ಚಾಯಿತು, ಅದು ಅವನದೇ ಅಂತ ಹೇಳುತ್ತಾರೆ. ತನ್ನ ವಯಸ್ಸಿನವನು ಆಗಲೇ ಕೈಸರ್. ತಾನು ಮೂವತ್ತಕ್ಕೆ ಕಾಲಿಟ್ಟು ಇನ್ನೂ ಯುವರಾಜ. ಅಪ್ಪನಿಗೆ ಐವತ್ತೆಂಟು, ಕಲ್ಲುಗುಂಡಿನ ಹಾಗೆ ಗಟ್ಟಿ.

1889ರ ಜನವರಿ 30ರಂದು ವಿಯೆನ್ನಾ ಹತ್ತಿರದ ಮೇಯರ್ಲಿಂಗ್ ಬೇಟೆಮನೆಯಲ್ಲಿ ರುಡಾಲ್ಫ್ ಮತ್ತು ಅವನ ಪ್ರೇಯಸಿ, ಹದಿನೇಳರ ಮೇರಿ ವೆಟ್ಸೆರಾಳ ಶವಗಳು ಸಿಕ್ಕವು. ಅವಳನ್ನು ಕೊಂದು ತಾನೂ ಸತ್ತ ಅನ್ನೋದನ್ನು ಇವತ್ತು ಬಹುತೇಕ ಇತಿಹಾಸಕಾರರು ಒಪ್ಪುತ್ತಾರೆ. ಅರಮನೆ ಮೊದಲು ಹೃದಯಾಘಾತ ಅಂತ ಹೇಳಿತು, ಯಾರೂ ನಂಬಲಿಲ್ಲ. ಆಮೇಲೆ ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲ ಅಂತ ವೈದ್ಯರಿಂದ ಬರೆಸಿ, ಚರ್ಚಿನ ವಿಧಿಯಂತೆ ಅಂತ್ಯಕ್ರಿಯೆ ಮಾಡಿದರು. ಮೇರಿಯನ್ನು ರಾತ್ರೋರಾತ್ರಿ ಗುಟ್ಟಾಗಿ ಸಾಗಿಸಿ ಹೈಲಿಗೆನ್‌ಕ್ರಾಯ್ಟ್ಸ್ ಮಠದ ಸ್ಮಶಾನದಲ್ಲಿ ಹೂಳಿದರು. ಈ ಜೋಡಿಯನ್ನು ಅಮರ ಪ್ರೇಮ ಅಂತ ಹಾಡುವವರಿಗೆ ನಾನು ಒಂದೇ ಮಾತು ಹೇಳೋದು: ಅವಳು ಹದಿನೇಳರ ಹುಡುಗಿ. ರುಡಾಲ್ಫ್ ಬಿಟ್ಟುಹೋದ ಕೊನೆಯ ಪತ್ರಗಳು ಹೆಂಡತಿಗೆ, ತಾಯಿಗೆ, ತಂಗಿಗೆ, ಇನ್ನೂ ಕೆಲವರಿಗೆ ಇದ್ದವು. ಅಪ್ಪನಿಗೆ ಒಂದೂ ಇರಲಿಲ್ಲ.

ಬಾಲ್ಯವೇ ಕಾರಣವಾ ಅಂತ ಕೇಳಿದಿರಿ. ಆರು ವರ್ಷದಲ್ಲಿ ಕಂಡ ಭಯ ಎಲ್ಲೂ ಹೋಗುವುದಿಲ್ಲ, ನಿಜ. ಆದರೆ ಮೂವತ್ತರ ಸಾವಿಗೆ ಆ ಒಂದು ವರ್ಷವನ್ನೇ ಹೊಣೆ ಮಾಡಿದರೆ ನಡುವಿನ ಕಾಲ ಪೂರ್ತಿ ಮಾಯವಾಗುತ್ತದೆ. ಕಾಯಿಲೆ, ಮಾರ್ಫಿನ್, ಒಡೆದ ಮದುವೆ, ಪೊಲೀಸರ ಕಣ್ಣು, ಎಲ್ಲಕ್ಕಿಂತ ಮಿಗಿಲಾಗಿ ಮುಂದೆ ಏನೂ ಬದಲಾಗುವುದಿಲ್ಲ ಎಂಬ ಲೆಕ್ಕ, ಇವು ಗೊಂಡ್ರಕೂರ್ ಕೊಟ್ಟದ್ದಲ್ಲ. ಒಳ್ಳೆಯ ಮೇಷ್ಟ್ರುಗಳಿಂದಲೇ ಅವನಿಗೆ ಕಷ್ಟ ಜಾಸ್ತಿಯಾಯಿತು ಅಂತಲೂ ಒಂದು ವಾದ ಇದೆ. ಅರ್ಧ ನಿಜ. ಕಲಿಸಿದ್ದು ತಪ್ಪಲ್ಲ, ಕಲಿತವನಿಗೆ ಕೆಲಸ ಕೊಡದೆ ಕೂರಿಸಿದ್ದು ತಪ್ಪು.

ಇನ್ನು ಯುದ್ಧದ ಮಾತು. ಈ ಊಹೆ ಹುಟ್ಟಿದ್ದಕ್ಕೆ ಕಾರಣ ಇದೆ. ರುಡಾಲ್ಫ್ ಸತ್ತ ಮೇಲೆ ಪಟ್ಟದ ಹಕ್ಕು ಅವನ ಚಿಕ್ಕಪ್ಪ ಕಾರ್ಲ್ ಲುಡ್ವಿಗ್ ಕಡೆಗೆ, ಅಲ್ಲಿಂದ ಆತನ ಮಗ ಫ್ರಾಂಜ್ ಫರ್ಡಿನಾಂಡ್‌ಗೆ ಹೋಯಿತು. 1914ರ ಜೂನ್ 28ರಂದು ಸರಯೇವೊದಲ್ಲಿ ಗುಂಡಿಗೆ ಬಲಿಯಾದವನು ಅವನೇ. ಅದು ಯುದ್ಧಕ್ಕೆ ಕಿಡಿಯಾಯಿತು. ಆದ್ದರಿಂದ ರುಡಾಲ್ಫ್ ಇದ್ದಿದ್ದರೆ ಸರಯೇವೊ ಇಲ್ಲ, ಸರಯೇವೊ ಇಲ್ಲದಿದ್ದರೆ ಯುದ್ಧ ಇಲ್ಲ ಅನ್ನೋ ಸರಪಳಿ. ಇದರಲ್ಲಿ ಒಂದು ಕೊಂಡಿ ಸಡಿಲ. ಅಪ್ಪ ಫ್ರಾಂಜ್ ಜೋಸೆಫ್ ಸತ್ತದ್ದು 1916ರ ನವೆಂಬರ್ 21ರಂದು, 68 ವರ್ಷ ಆಳಿದ ಮೇಲೆ. ಮಗ ಬದುಕಿದ್ದರೂ 1914ರ ಬೇಸಿಗೆಯಲ್ಲಿ ಸರ್ಬಿಯಾ ಮೇಲೆ ಯುದ್ಧ ಸಾರುವ ಕಾಗದಕ್ಕೆ ಸಹಿ ಹಾಕುವ ಕೈ ಅಪ್ಪನದೇ. ಐವತ್ತೈದು ವರ್ಷದ ಯುವರಾಜ ಪಕ್ಕದ ಕೋಣೆಯಲ್ಲಿ ಇರುತ್ತಿದ್ದ. ಹಿಂದಿನ ದಾಖಲೆ ನೋಡಿದರೆ ಅವನನ್ನು ಯಾರೂ ಕೇಳುತ್ತಿರಲಿಲ್ಲ.